ಗೇಮ್ ಡಿಸೈನ್ ಓದಬೇಕೆ? ಮೊದಲು ಒಂದು ಆಟ ಕೆಡಿಸಿ ನೋಡಿ

ಹಾವು ಏಣಿ ಆಡುವಾಗ ನೀವು ಎಷ್ಟು ನಿರ್ಧಾರ ಮಾಡುತ್ತೀರಿ? ಒಮ್ಮೆ ಯೋಚಿಸಿ. ಒಂದೂ ಇಲ್ಲ. ದಾಳ ಹಾಕುತ್ತೀರಿ, ಅದು ಹೇಳಿದಷ್ಟು ಮನೆ ಕಾಯಿ ನಡೆಸುತ್ತೀರಿ. ಏಣಿ ಸಿಕ್ಕರೆ ಮೇಲೆ, ಹಾವು ನುಂಗಿದರೆ ಕೆಳಗೆ. ನಿಮ್ಮ ಬದಲು ಬೇರೆ ಯಾರೋ ಕೂತು ದಾಳ ಉರುಳಿಸಿದರೂ ಆಟಕ್ಕೆ ಏನೂ ವ್ಯತ್ಯಾಸವಿಲ್ಲ. ಆದರೂ ಕೊನೆಯ ಸಾಲಿನಲ್ಲಿ ಹಾವಿನ ಬಾಯಿಗೆ ಬಿದ್ದಾಗ ಹೊಟ್ಟೆ ಉರಿಯುತ್ತದೆ, ಅಲ್ವಾ? ನಮ್ಮ ಕೈಯಲ್ಲಿ ಏನೂ ಇಲ್ಲದ ಆಟ ನಮ್ಮನ್ನು ಇಷ್ಟು ಆಡಿಸುವುದು ಹೇಗೆ?

ಈ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿದರೆ ಯೂನಿವರ್ಸಿಟಿಯಲ್ಲಿ ಗೇಮ್ ಓದುವುದು ನಿಮಗೆ ಹಿಡಿಸಬಹುದು. 'ಸುಮ್ನೆ ಆಡೋಣ ಬಿಡಿ' ಅನ್ನಿಸಿದರೆ ಅದೂ ತಪ್ಪಲ್ಲ. ಆಡುವ ಖುಷಿಗೆ ಡಿಗ್ರಿ ಬೇಕಿಲ್ಲ. ದಿನಕ್ಕೆ ಆರು ಗಂಟೆ ಆಡುತ್ತೀರಿ ಎನ್ನುವುದು ಈ ಓದಿಗೆ ಅರ್ಹತೆಯೂ ಅಲ್ಲ.

ಯಾವ ಬಾಗಿಲು ಎಂದು ನೋಡಿಕೊಳ್ಳಿ

ಸ್ಕಾಟ್ಲೆಂಡಿನ ಡಂಡೀ ಊರಿನ ಅಬರ್ಟೇ ಯೂನಿವರ್ಸಿಟಿ 1997ರಲ್ಲಿ ಕಂಪ್ಯೂಟರ್ ಗೇಮ್‌ಗೇ ಮೀಸಲಾದ ಡಿಗ್ರಿ ಶುರು ಮಾಡಿತು. ಜಗತ್ತಿನಲ್ಲಿ ಅದೇ ಮೊದಲನೆಯದು ಎನ್ನುತ್ತಾರೆ. ಈಗ ಇಂಥ ಕೋರ್ಸ್‌ಗಳು ಬೇಕಾದಷ್ಟಿವೆ. ಸಮಸ್ಯೆ ಏನೆಂದರೆ, ಹೆಸರೆಲ್ಲ ಒಂದೇ ಥರ ಕೇಳಿಸುತ್ತವೆ, ಒಳಗಿನ ಸರಕು ಬೇರೆ ಬೇರೆ.

ಒಂದು ಕಡೆ ಪ್ರೋಗ್ರಾಮಿಂಗ್. ಅಲ್ಲಿ ಕೋಡ್, ವೆಕ್ಟರ್, ಮ್ಯಾಟ್ರಿಕ್ಸ್ ತಪ್ಪಿದ್ದಲ್ಲ. ಗಣಿತದಿಂದ ಓಡಿಹೋಗಿ ಗೇಮ್‌ಗೆ ಬಂದವರು ಮೊದಲ ಸೆಮಿಸ್ಟರಿನಲ್ಲೇ ಬೆಚ್ಚಿಬೀಳುವುದು ಇಲ್ಲಿ. ಇನ್ನೊಂದು ಕಡೆ ಚಿತ್ರ, ಅನಿಮೇಷನ್, ತ್ರೀಡಿ. ಮೂರನೆಯದು ಡಿಸೈನ್, ಅಂದರೆ ನಿಯಮ, ಲೆವೆಲ್, ಕಷ್ಟ ಸುಲಭದ ಲೆಕ್ಕಾಚಾರ. ನಾಲ್ಕನೆಯದು ಗೇಮ್ ಸ್ಟಡೀಸ್. ಅದರಲ್ಲಿ ಗೇಮ್ ತಯಾರಿಸುವುದಕ್ಕಿಂತ ಅದನ್ನು ಓದುವುದು, ಅದರ ಬಗ್ಗೆ ಬರೆಯುವುದೇ ಜಾಸ್ತಿ.

ಬ್ರೋಷರ್ ನೋಡಿ ಮರುಳಾಗಬೇಡಿ. ಸಿಲಬಸ್ ತೆಗೆದು ಒಂದೇ ಒಂದು ವಿಷಯ ಹುಡುಕಿ: ಮೂರ್ನಾಲ್ಕು ವರ್ಷದಲ್ಲಿ ವಿದ್ಯಾರ್ಥಿ ಎಷ್ಟು ಗೇಮ್ ಮಾಡಿ ಮುಗಿಸುತ್ತಾನೆ? ಕೊನೆಯ ವರ್ಷ ಒಂದು ದೊಡ್ಡ ಪ್ರಾಜೆಕ್ಟ್, ಅಲ್ಲಿವರೆಗೆ ಬರೀ ಪಾಠ ಎಂದಿದ್ದರೆ ನಾನಂತೂ ಆ ಕೋರ್ಸಿಗೆ ಸೇರಲಾರೆ. ಮೊದಲ ವರ್ಷದಿಂದಲೇ ಸಣ್ಣಪುಟ್ಟ, ಕೆಟ್ಟ ಗೇಮ್‌ಗಳನ್ನಾದರೂ ಮಾಡಿಸುವ ಕೋರ್ಸ್ ವಾಸಿ. ಹಳೆಯ ವಿದ್ಯಾರ್ಥಿಗಳ ಗೇಮ್‌ಗಳನ್ನು ಕೇಳಿ ಪಡೆದು ಆಡಿ ನೋಡಿ. ಅದಕ್ಕಿಂತ ನಿಜ ಹೇಳುವ ಜಾಹೀರಾತು ಇನ್ನೊಂದಿಲ್ಲ.

ಕಂಪ್ಯೂಟರ್ ಆಫ್ ಮಾಡಿ, ದಾಳ ತೆಗೆದುಕೊಳ್ಳಿ

ಅಡ್ಮಿಷನ್‌ಗೆ ಮುಂಚೆಯೇ ಮಾಡಬಹುದಾದ ಕೆಲಸ ಇದು. ಮತ್ತೆ ಹಾವು ಏಣಿ ಹಾಸಿ. ಒಂದೇ ಒಂದು ನಿಯಮ ಬದಲಿಸಿ. ಉದಾಹರಣೆಗೆ, ಪ್ರತಿ ಸಲ ಎರಡು ದಾಳ ಹಾಕಬೇಕು, ಎರಡರಲ್ಲಿ ಯಾವ ಸಂಖ್ಯೆ ಬಳಸುವುದು ಎಂದು ಆಟಗಾರನೇ ಆರಿಸಬೇಕು. ನಾಲ್ಕು ಜನರನ್ನು ಕೂರಿಸಿ ಆಡಿಸಿ.

ಏನಾಗುತ್ತದೆ ನೋಡಿ. ಇಷ್ಟು ಹೊತ್ತು ಹರಟುತ್ತಿದ್ದವರು ಸುಮ್ಮನಾಗಿ ಮನೆ ಎಣಿಸತೊಡಗುತ್ತಾರೆ. ಹಾವಿಗೆ ಬೀಳುವವರು ಕಡಿಮೆಯಾಗುತ್ತಾರೆ. ಬಿದ್ದರೆ ಹಣೆಬರಹವನ್ನು ಬೈಯುವುದಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಾರೆ. ಆದರೆ ಆಟ ಬೇಗ ಮುಗಿಯುತ್ತದೆ, ಕೂಗಾಟ, ನಗು ಕಡಿಮೆಯಾಗುತ್ತದೆ. ಅಂದರೆ ಒಂದು ನಿಯಮದಿಂದ ಜಾಣತನ ಒಳಗೆ ಬಂತು, ಮಜಾ ಸ್ವಲ್ಪ ಹೊರಗೆ ಹೋಯಿತು. ಅದನ್ನು ವಾಪಸ್ ತರಲು ಹಾವುಗಳ ಸಂಖ್ಯೆ ಹೆಚ್ಚಿಸುತ್ತೀರಾ? ಬೇರೆಯವರ ಕಾಯಿ ಹೊಡೆಯಲು ಬಿಡುತ್ತೀರಾ? ಪ್ರತಿ ಸಲದ ಬದಲಾವಣೆ, ಅದರಿಂದ ಆಡುವವರಲ್ಲಿ ಆದದ್ದು, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕ್ಲಾಸಿಗೆ ಹೋದ ಮೇಲೆ ಇದಕ್ಕೊಂದು ಹೆಸರು ಸಿಗುತ್ತದೆ. ರಾಬಿನ್ ಹುನಿಕೆ, ಮಾರ್ಕ್ ಲೆಬ್ಲಾಂಕ್, ರಾಬರ್ಟ್ ಜುಬೆಕ್ ಎಂಬ ಮೂವರು 2004ರಲ್ಲಿ ಮುಂದಿಟ್ಟ 'ಎಂಡಿಎ' ಎಂಬ ಚೌಕಟ್ಟು. ನಾವು ಬರೆಯುವ ನಿಯಮ ಮೆಕ್ಯಾನಿಕ್ಸ್. ಆಡುವಾಗ ಅದರಿಂದ ಹುಟ್ಟುವ ನಡವಳಿಕೆ ಡೈನಾಮಿಕ್ಸ್. ಆಟಗಾರನಿಗೆ ಆಗುವ ಅನುಭವ ಈಸ್ಥೆಟಿಕ್ಸ್. ಗಮ್ಮತ್ತು ಎಂದರೆ ಮಾಡುವವರ ಕೈಗೆ ಸಿಗುವುದು ಮೊದಲನೆಯದು ಮಾತ್ರ, ಆಡುವವರಿಗೆ ಮೊದಲು ತಾಗುವುದು ಕೊನೆಯದು. ನಡುವಿನದು ಇಬ್ಬರ ಮಾತನ್ನೂ ಕೇಳುವುದಿಲ್ಲ.

ಗೊತ್ತಿರುವ ಗೇಮನ್ನೇ ನಿಧಾನವಾಗಿ ಆಡಿ

1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಡಿರುತ್ತೀರಿ. ಮೊದಲ ಲೆವೆಲ್ ಮತ್ತೆ ತೆಗೆದು, ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ ನೋಡಿ. ಮಾರಿಯೊ ಪರದೆಯ ಎಡಕ್ಕೆ ನಿಂತಿದ್ದಾನೆ, ಬಲಕ್ಕೆ ಜಾಗ ಖಾಲಿ. ಯಾವ ಕಡೆ ಹೋಗಬೇಕೆಂದು ಯಾರೂ ಹೇಳಿಲ್ಲ, ಆದರೂ ಕೈ ಬಲಕ್ಕೇ ಹೋಗುತ್ತದೆ. ಸ್ವಲ್ಪ ಮುಂದೆ ಗೂಂಬಾ ಎಂಬ ಶತ್ರು ಎದುರಿಗೆ ನಡೆದು ಬರುತ್ತದೆ. ಮುಟ್ಟಿದರೆ ಸಾವು. ಸತ್ತರೂ ನಷ್ಟವೇನಿಲ್ಲ, ಶುರುವಿನಲ್ಲೇ ಇದ್ದೀರಿ. ಎರಡನೇ ಸಲ ಹಾರುತ್ತೀರಿ. ಮೇಲಿನ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿದರೆ ನಾಣ್ಯ ಬರುತ್ತದೆ. ಇನ್ನೊಂದು ಪೆಟ್ಟಿಗೆಯಿಂದ ಅಣಬೆ ಬಂದು ಬಲಕ್ಕೆ ಜಾರಿ, ಪೈಪಿಗೆ ಬಡಿದು, ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಇದೂ ಶತ್ರುವೇನೋ ಎಂದು ಹೆದರಿ ತಪ್ಪಿಸಿಕೊಳ್ಳಲು ಹೋದವರಿಗೂ ಅದು ಸಿಕ್ಕಿಬಿಡುವ ಸಂಭವವೇ ಹೆಚ್ಚು. ಸಿಕ್ಕಿತೋ, ಮಾರಿಯೊ ದೊಡ್ಡವನಾಗುತ್ತಾನೆ. ಒಂದು ಅಕ್ಷರದ ಸೂಚನೆಯೂ ಇಲ್ಲದೆ ಪಾಠ ಮುಗಿಯಿತು. ಆ ಪೈಪ್ ಅಲ್ಲಿ ಸುಮ್ನೆ ನಿಂತಿಲ್ಲ.

ಎಲ್ಲವೂ ಹೀಗೆ ಯೋಜನೆ ಹಾಕಿದ್ದೇ ಆಗಿರಬೇಕಿಲ್ಲ. 1978ರ 'ಸ್ಪೇಸ್ ಇನ್ವೇಡರ್ಸ್' ನೋಡಿ. ಏಲಿಯನ್‌ಗಳು ಸತ್ತಂತೆಲ್ಲ ಉಳಿದವು ಜೋರಾಗಿ ಓಡುತ್ತವೆ. ಕಾರಣ ಸರಳ: ಪರದೆಯ ಮೇಲೆ ಚಿತ್ರ ಕಡಿಮೆಯಾದಷ್ಟೂ ಆ ಕಾಲದ ಪ್ರೊಸೆಸರಿಗೆ ಕೆಲಸ ಹಗುರವಾಗಿ ವೇಗ ಹೆಚ್ಚುತ್ತಿತ್ತು. ಅದನ್ನು ರೂಪಿಸಿದ ತೊಮೊಹಿರೊ ನಿಶಿಕಾಡೊ ಇದನ್ನು ದೋಷವೆಂದು ತೆಗೆದುಹಾಕಲಿಲ್ಲ, ಹಾಗೇ ಉಳಿಸಿಕೊಂಡರು. ಕೊನೆಯ ಏಲಿಯನ್ ಬೆನ್ನು ಹತ್ತುವಾಗ ಬೆರಳು ನಡುಗುವುದು ಅದರಿಂದಲೇ.

ಹೀಗೆ ವಾರಕ್ಕೊಂದು ಗೇಮ್, ಒಂದು ಪುಟದ ಟಿಪ್ಪಣಿ. 'ಗ್ರಾಫಿಕ್ಸ್ ಸೂಪರ್' ಎಂದು ಬರೆದರೆ ಹರಿದು ಹಾಕಿ, ಮತ್ತೆ ಬರೆಯಿರಿ.

ಕೈಗೆ ಎಟಕುವ ಸಾಧನ ಹಿಡಿಯಿರಿ

ಗೇಮ್ ಕಟ್ಟುವ ಸಾಫ್ಟ್‌ವೇರ್, ಅಂದರೆ ಎಂಜಿನ್, ಯುನಿಟಿಯೋ ಅನ್‌ರಿಯಲ್ಲೋ ಎಂಬ ಜಗಳದಲ್ಲಿ ವರ್ಷ ಕಳೆಯುವವರಿದ್ದಾರೆ. ಬಿಟ್ಟುಬಿಡಿ. ಕೋಡಿಂಗ್ ಬರದಿದ್ದರೆ ಟ್ವೈನ್‌ನಲ್ಲಿ ಶುರು ಮಾಡಿ, ಆಯ್ಕೆಗಳಿರುವ ಕಥೆಯಾಟವನ್ನು ಒಂದೇ ಸಂಜೆಯಲ್ಲಿ ಮಾಡಬಹುದು. ಸ್ವಲ್ಪ ಕೋಡ್ ಬಂದರೆ ಗೊಡೊ. ಎರಡೂ ಉಚಿತ, ಎರಡೂ ಓಪನ್ ಸೋರ್ಸ್. ಒಂದು ಎಂಜಿನ್ ಕಲಿತವರಿಗೆ ಇನ್ನೊಂದು ಅಷ್ಟು ಕಷ್ಟವಾಗುವುದಿಲ್ಲ.

ಅಡ್ಮಿಷನ್‌ಗೆ ಪೋರ್ಟ್‌ಫೋಲಿಯೊ, ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹ, ಕೇಳುವ ಕಡೆ ಎರಡೋ ಮೂರೋ ಚಿಕ್ಕ ಗೇಮ್ ಸಾಕು, ಆದರೆ ಅವು ಮುಗಿದಿರಬೇಕು. ಎಲ್ಲಿ ಬೇಕಾದರೂ ಅಲೆದಾಡಬಹುದಾದ, ಆದರೆ ಅರ್ಧಕ್ಕೆ ನಿಂತ ಓಪನ್ ವರ್ಲ್ಡ್ ಕನಸಿಗಿಂತ ಐದು ನಿಮಿಷದಲ್ಲಿ ಆಡಿ ಮುಗಿಸುವ ಗೇಮ್ ಮೇಲು. ಜೊತೆಗೆ ಆ ನೋಟ್‌ಬುಕ್ಕಿನ ಪುಟಗಳನ್ನೂ ಲಗತ್ತಿಸಿ. ಯಾವ ನಿಯಮ ಕೈಕೊಟ್ಟಿತು, ಏಕೆ ಬದಲಿಸಿದಿರಿ ಎಂಬುದರಲ್ಲೇ ನೀವು ಯೋಚಿಸುವ ರೀತಿ ಕಾಣುತ್ತದೆ.

ಚಿಕ್ಕದು ಎಂದು ಸಂಕೋಚ ಬೇಡ. ಅಮೆರಿಕದ ಡಿಜಿಪೆನ್ ಎಂಬ ಗೇಮ್ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ 'ನರ್ಬಾಕ್ಯುಲರ್ ಡ್ರಾಪ್' ಎಂಬ ಗೇಮ್ ಮಾಡಿದರು. ಗೋಡೆಯಲ್ಲಿ ಒಂದು ತೂತು, ಇನ್ನೆಲ್ಲೋ ಇನ್ನೊಂದು ತೂತು, ಇಲ್ಲಿ ಹೊಕ್ಕರೆ ಅಲ್ಲಿ ಹೊರಗೆ. ಇಷ್ಟೇ ಮೂಲ ವಿಚಾರ. ಗೇಮ್ ತಯಾರಿಸುವ ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ಕರೆಯಿತು. 2007ರಲ್ಲಿ ಆ ವಿಚಾರವೇ 'ಪೋರ್ಟಲ್' ಎಂಬ ಗೇಮ್ ಆಯಿತು.

ಗೇಮ್ ಬಗ್ಗೆ ಜಗಳವಾಡಲು ಕಲಿಯಿರಿ

ಥಿಯರಿ ಕ್ಲಾಸ್ ಅಂದರೆ ನಿದ್ದೆ ಎನ್ನುವವರಿಗೆ ಈ ಕಥೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ 'ಟೆಟ್ರಿಸ್' ಮಾಡಿದರು. 1997ರಲ್ಲಿ ಜಾನೆಟ್ ಮರ್ರೆ ಎಂಬ ಅಮೆರಿಕದ ವಿದ್ವಾಂಸೆ, ಮುಗಿಯದ ಕೆಲಸಗಳ ನಡುವೆ ಒದ್ದಾಡುವ ಅಮೆರಿಕನ್ನರ ಬದುಕೇ ಈ ಟೆಟ್ರಿಸ್ ಎಂದು ಬರೆದರು. ಫಿನ್ಲೆಂಡಿನ ವಿದ್ವಾಂಸ ಮಾರ್ಕು ಎಸ್ಕೆಲಿನೆನ್ ಇದನ್ನು ತರಾಟೆಗೆ ತೆಗೆದುಕೊಂಡರು. ಬೀಳುವ ಇಟ್ಟಿಗೆ ಜೋಡಿಸುವ ಆಟದಲ್ಲಿ ಕಥೆ ಹುಡುಕುವುದು ಯಾಕೆ, ನಿಯಮ ನೋಡಿ ಎಂಬುದು ಅವರ ವಾದ. ಗೇಮ್ ಎಂದರೆ ಕಥೆಯೋ ನಿಯಮವೋ ಎಂಬ ಈ ಜಗ್ಗಾಟದ ಕಾಲದಲ್ಲೇ, 2001ರಲ್ಲಿ, ನಾರ್ವೆಯ ವಿದ್ವಾಂಸ ಎಸ್ಪೆನ್ ಆರ್ಸೆತ್ ಸಂಪಾದಕತ್ವದಲ್ಲಿ 'ಗೇಮ್ ಸ್ಟಡೀಸ್' ಪತ್ರಿಕೆ ಶುರುವಾಯಿತು.

ನನಗೆ ಇಬ್ಬರೂ ಅರ್ಧ ಸರಿ ಅನ್ನಿಸುತ್ತದೆ. ನಿಯಮವೇ ಮಾತಾಡುತ್ತದೆ ಎನ್ನುವುದಕ್ಕೆ ಲಿಜ್ಜಿ ಮ್ಯಾಗಿ ಸಾಕ್ಷಿ. 1904ರಲ್ಲಿ ಅವರು ಪೇಟೆಂಟ್ ಪಡೆದ ಬೋರ್ಡ್ ಆಟದ ಉದ್ದೇಶ, ಜಮೀನೆಲ್ಲ ಒಬ್ಬರ ಕೈ ಸೇರಿದರೆ ಉಳಿದವರು ಹೇಗೆ ದಿವಾಳಿಯಾಗುತ್ತಾರೆಂದು ತೋರಿಸುವುದು. ಅದರಿಂದ ಬೆಳೆದು ಬಂದ 'ಮೊನಾಪಲಿ'ಯನ್ನು ಜನ ಎದುರಾಳಿಯನ್ನು ದಿವಾಳಿ ಮಾಡುವ ಖುಷಿಗೇ ಆಡುತ್ತಾರೆ! ನಿಯಮ ಹೇಳಿದ್ದೊಂದು, ಆಟಗಾರರು ಕೇಳಿಸಿಕೊಂಡದ್ದು ಇನ್ನೊಂದು. ನೀವು ನಾಳೆ ಮಾಡುವ ಗೇಮಿಗೂ ಈ ಗತಿ ಬರಬಹುದು. ಅದಕ್ಕೇ ಈ ಕ್ಲಾಸಿಗೆ ಚಕ್ಕರ್ ಹಾಕಬೇಡಿ.

ತಂಡದಲ್ಲಿ ಬಾಯಿ ಮುಚ್ಚಿ ಕೂರುವುದು

ಗ್ರೂಪ್ ಪ್ರಾಜೆಕ್ಟಿನಲ್ಲಿ ಎಲ್ಲರಿಗೂ ಐಡಿಯಾ ಕೊಡುವವರಾಗುವ ಆಸೆ. ಮೆನು ಸರಿ ಮಾಡುವವರು, ಸೌಂಡ್ ಹಾಕುವವರು ಮಾತ್ರ ಸಿಗುವುದಿಲ್ಲ. ಇಂಥ ಒಂದು ಕೆಲಸ ಕಲಿತಿಡಿ, ಎಲ್ಲ ತಂಡಗಳೂ ನಿಮ್ಮನ್ನು ಕರೆಯುತ್ತವೆ. ಅಭ್ಯಾಸಕ್ಕೆ ಗೇಮ್ ಜ್ಯಾಮ್‌ಗಳಿವೆ, ಅಂದರೆ ಕಡಿಮೆ ಸಮಯದಲ್ಲಿ ಒಂದು ಗೇಮ್ ಮಾಡಿ ಮುಗಿಸುವ ಕೂಟಗಳು. 2009ರಿಂದ ನಡೆಯುತ್ತಿರುವ ಗ್ಲೋಬಲ್ ಗೇಮ್ ಜ್ಯಾಮ್ ಹುಟ್ಟಿದ್ದೇ 48 ಗಂಟೆಯಲ್ಲಿ ಒಂದು ಗೇಮ್ ಎಂಬ ಲೆಕ್ಕದಲ್ಲಿ.

ಪ್ಲೇಟೆಸ್ಟ್ ಇನ್ನೂ ಕಷ್ಟ. ಗೇಮ್ ಗೊತ್ತಿಲ್ಲದವರನ್ನು ಕೂರಿಸಿ, ಹಿಂದೆ ನಿಂತು ನೋಡಬೇಕು. ಅವರು ಎದುರಿಗಿರುವ ಬಾಗಿಲನ್ನು ಬಿಟ್ಟು ಗೋಡೆಗೆ ಹಾಯುತ್ತಾರೆ. 'ಅಲ್ಲಿ ಅಲ್ಲ, ಇಲ್ಲಿ ಒತ್ತಿ' ಎಂದು ನಾಲಿಗೆ ತುದಿಗೆ ಬರುತ್ತದೆ. ಹೇಳಬಾರದು. ಗೇಮ್ ಮನೆಮನೆಗೆ ಹೋದಾಗ ನೀವು ಪಕ್ಕದಲ್ಲಿ ನಿಂತಿರುವುದಿಲ್ಲವಲ್ಲ. ಎಲ್ಲಿ ತಡವರಿಸಿದರು ಎಂದು ಬರೆದುಕೊಳ್ಳಿ. ಮುಗಿದ ಮೇಲೆ 'ಇಷ್ಟ ಆಯ್ತಾ?' ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. 'ಇಲ್ಲಿ ನೀವು ಏನು ಮಾಡಬೇಕು ಅಂದುಕೊಂಡಿರಿ?' ಎಂದು ಕೇಳಿ.

ಮಾಡಿದ್ದನ್ನು ಎತ್ತಿಡಿ

ಇದನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಗೇಮ್‌ಗಳಲ್ಲಿ 87 ಶೇಕಡಾ ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ದುಡ್ಡಿರುವ ಕಂಪನಿಗಳ ಗೇಮಿಗೇ ಈ ಪಾಡು. ವಿದ್ಯಾರ್ಥಿಗಳ ಪ್ರಾಜೆಕ್ಟಂತೂ ಎಂಜಿನ್ನಿನ ಹೊಸ ವರ್ಷನ್ ಬಂದ ಕೂಡಲೇ ಓಪನ್ ಆಗದೆ ಮುಷ್ಕರ ಹೂಡುತ್ತದೆ. ಹಾಗಾಗಿ ಆಡಲು ಬರುವ ಪ್ರತಿ, ಪ್ರಾಜೆಕ್ಟ್ ಫೈಲ್, ಎಂಜಿನ್ನಿನ ವರ್ಷನ್ ನಂಬರ್ ಎಲ್ಲ ಒಂದೇ ಕಡೆ ಇಡಿ. ಶುರುವಿನಿಂದ ಕೊನೆವರೆಗೆ ಆಡಿದ ವಿಡಿಯೊ ರೆಕಾರ್ಡ್ ಮಾಡಿ. ಇದನ್ನೆಲ್ಲ ಸಬ್‌ಮಿಟ್ ಮಾಡಿದ ದಿನವೇ ಮುಗಿಸಿ. ಆರು ತಿಂಗಳಾದ ಮೇಲೆ ಇಂಟರ್‌ವ್ಯೂ ಹಿಂದಿನ ರಾತ್ರಿ, ಕೊನೆಯ ಫೈಲ್ ಯಾರ ಲ್ಯಾಪ್‌ಟಾಪಿನಲ್ಲಿತ್ತು ಎಂದು ಹಳೆಯ ಗ್ರೂಪಿನಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ.