ಹಳೆಯ ಟ್ರೆಕ್ ಸೈಕಲ್ಲನ್ನು ಮತ್ತೆ ರಸ್ತೆಗಿಳಿಸಿದ ಬಗೆ

ವಿಸ್ಕಾನ್ಸಿನ್‌ಗೆ ಬಂದು ನೆಲೆಸಿದ ಮೇಲೆ, ಹಳೆಯ ಅಮೆರಿಕನ್ ರೋಡ್ ಸೈಕಲ್ ಒಂದನ್ನು ನಿತ್ಯದ ಸವಾರಿಗೆ ಸಿದ್ಧಪಡಿಸಿಕೊಳ್ಳಲು ಹೊರಟಾಗ ಶ್ವಿನ್ ಕಂಪನಿಯ ವಾರ್ಸಿಟಿ ಮತ್ತು ಟ್ರೆಕ್ ಕಂಪನಿಯ ಸೈಕಲ್ ಎರಡೂ ಕಣ್ಣ ಮುಂದಿದ್ದವು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸೈಕಲ್ಲುಗಳಿಗೆ ಭಾರಿ ಬೇಡಿಕೆ ಬಂದಾಗ ಹೇರಳವಾಗಿ ಮಾರಾಟವಾದ ವಾರ್ಸಿಟಿ ಇಂದಿಗೂ ಗ್ಯಾರೇಜ್ ಸೇಲುಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಗಟ್ಟಿತನದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಸುಮಾರು 17 ಕಿಲೋ ತೂಕ, ಒಂದೇ ತುಂಡಿನ ಉಕ್ಕಿನ ಕ್ರ್ಯಾಂಕ್ (ಪೆಡಲ್ ತೋಳು), ಮಳೆಯಲ್ಲಿ ನೆನೆದರೆ ಬ್ರೇಕಿಗೆ ಬಗ್ಗದ ಕ್ರೋಮ್ ಲೇಪಿತ ಉಕ್ಕಿನ ರಿಮ್ ಇವೆಲ್ಲ ಸೇರಿ ಅದು ನೋಡಲು ಚೆಂದ, ತುಳಿಯಲು ಕಷ್ಟ ಎನಿಸಿತು.

ಹಾಗಾಗಿ 1980ರ ದಶಕದ ಆರಂಭದ ಟ್ರೆಕ್ ಒಂದನ್ನು ಕೊಂಡೆ. 1976ರಲ್ಲಿ ಇದೇ ರಾಜ್ಯದ ವಾಟರ್ಲೂ ಎಂಬ ಸಣ್ಣ ಊರಿನಲ್ಲಿ ಶುರುವಾದ ಈ ಕಂಪನಿಯ ಆ ಕಾಲದ ಫ್ರೇಮುಗಳಲ್ಲಿ ತೆಳು ಉಕ್ಕಿನ ಕೊಳವೆಗಳನ್ನು ಲಗ್ಗುಗಳೊಳಗೆ, ಅಂದರೆ ಕೊಳವೆಗಳು ಸೇರುವಲ್ಲಿನ ಲೋಹದ ಕವಚಗಳೊಳಗೆ, ಕೂರಿಸಿ ಬೆಸೆಯುತ್ತಿದ್ದರು. ಕೊಳ್ಳುವ ಮುನ್ನ ನಾನು ಬಣ್ಣಕ್ಕಿಂತ ಹೆಚ್ಚಾಗಿ ಪರೀಕ್ಷಿಸಿದ್ದು ಸೀಟಿನ ಕಂಬವನ್ನು. ಉಕ್ಕಿನ ಫ್ರೇಮಿನೊಳಗೆ ಅಲ್ಯುಮಿನಿಯಂ ಕಂಬ ವರ್ಷಗಟ್ಟಲೆ ಗ್ರೀಸ್ ಕಾಣದೆ ಕುಳಿತರೆ ಎರಡೂ ಕಚ್ಚಿಕೊಂಡು, ಕೊನೆಗೆ ಕೊಯ್ದು ತೆಗೆಯಬೇಕಾದ ಸ್ಥಿತಿ ಬರುತ್ತದೆ.

ಹೆಚ್ಚು ಕೆಲಸ ಬೇಡಿದ್ದು ಚಕ್ರಗಳು. ಅದರಲ್ಲಿದ್ದ 27 ಇಂಚಿನ ಚಕ್ರಗಳಿಗೆ ಟೈರು ಈಗಲೂ ಸಿಗುತ್ತದೆಯಾದರೂ ಒಳ್ಳೆಯ ಟೈರುಗಳ ಆಯ್ಕೆ ಕಡಿಮೆ. ಆದ್ದರಿಂದ ಇಂದಿನ ರೋಡ್ ಸೈಕಲ್ಲುಗಳಲ್ಲಿ ಸಾಮಾನ್ಯವಾದ 700ಸಿ ಅಳತೆಯ ಚಕ್ರಗಳಿಗೆ ಬದಲಾಯಿಸಿದೆ. ಟೈರು ಕೂರುವ ವ್ಯಾಸ 630 ಮಿ.ಮೀ.ನಿಂದ 622ಕ್ಕೆ ಇಳಿಯುವುದರಿಂದ ಬ್ರೇಕಿನ ರಬ್ಬರುಗಳನ್ನು 4 ಮಿ.ಮೀ. ಕೆಳಗಿಳಿಸಬೇಕಾಗುತ್ತದೆ. ಹಿಂದಿನ ಬ್ರೇಕಿನ ಸೀಳುಗಂಡಿಯಲ್ಲಿ ಅಷ್ಟು ಜಾಗವಿತ್ತು, ಮುಂದಿನದರಲ್ಲಿ ಇರಲಿಲ್ಲವಾದ್ದರಿಂದ ಅಲ್ಲಿಗೆ ಉದ್ದ ತೋಳಿನ ಬ್ರೇಕ್ ಹಾಕಿದೆ. ಚಕ್ರ ಚಿಕ್ಕದಾದದ್ದರಿಂದ ಉಳಿದ ಎಡೆಯಲ್ಲಿ 32 ಮಿ.ಮೀ. ಟೈರು ಸಲೀಸಾಗಿ ಕೂತಿತು. ಇಲ್ಲಿನ ಬಿರುಕು ಬಿಟ್ಟ ಹಳ್ಳಿ ರಸ್ತೆಗಳಲ್ಲಿ ಇದರ ಸುಖವೇ ಬೇರೆ.

ಫ್ರೇಮಿನ ಹಿಂಭಾಗದಲ್ಲಿ ಚಕ್ರ ಕೂರುವ ಅಗಲ 126 ಮಿ.ಮೀ. ಇತ್ತು, ಹೊಸ ಚಕ್ರದ ಹಬ್‌ಗೆ (ಚಕ್ರದ ನಡುಭಾಗಕ್ಕೆ) 130 ಬೇಕು. ಉದ್ದನೆಯ ಮರದ ಪಟ್ಟಿಯನ್ನು ಸನ್ನೆಗೋಲಾಗಿಸಿ ಎರಡೂ ಬದಿಯನ್ನು ತಲಾ 2 ಮಿ.ಮೀ.ನಷ್ಟು ನಿಧಾನವಾಗಿ ಹೊರಕ್ಕೆ ಬಾಗಿಸಿದೆ. ಬಳಿಕ ಒಂದು ದಾರವನ್ನು ಹಿಂದಿನ ಒಂದು ತುದಿಗೆ ಕಟ್ಟಿ, ಹ್ಯಾಂಡಲ್ ಕೆಳಗಿನ ಮುಂದಿನ ಕೊಳವೆಯನ್ನು ಸುತ್ತಿಸಿ ಇನ್ನೊಂದು ತುದಿಗೆ ಬಿಗಿಯಾಗಿ ತಂದು, ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಬದಿಯಲ್ಲಿ ಒಂದೇ ಇದೆಯೇ ಎಂದು ಅಳೆದೆ. ಉಕ್ಕು ಈ ಬಾಗಿಸುವಿಕೆಯನ್ನು ತಾಳಿಕೊಳ್ಳುತ್ತದೆ. 1983ರಿಂದ ಕ್ಯಾನಂಡೇಲ್ ಕಂಪನಿ ತಯಾರಿಸಿದ ದಪ್ಪ ಕೊಳವೆಯ ಅಲ್ಯುಮಿನಿಯಂ ಫ್ರೇಮುಗಳಲ್ಲಿ ಇದನ್ನು ಮಾಡಲೇಬಾರದು.

ಗೇರು ಬದಲಿಸುವ ಸನ್ನೆಗಳನ್ನು (ಲಿವರ್) ಮಾತ್ರ ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೆಳಕೊಳವೆಯ ಮೇಲೆಯೇ ಉಳಿಸಿಕೊಂಡಿದ್ದೇನೆ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಗೇರು ಬದಲಿಸಲಾಗದು, ಒಂದು ಕೈಯನ್ನು ಹ್ಯಾಂಡಲ್‌ನಿಂದ ಬಿಡಲೇಬೇಕು; ನಗರದ ದಟ್ಟಣೆಯಲ್ಲಿ ನಿತ್ಯ ಓಡಾಡುವವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಆದರೆ ಕೈಯಂದಾಜಿನಲ್ಲೇ ಹೊಂದಿಸುವ ಆ ಸನ್ನೆಗಳು ಯಾವ ಕಂಪನಿಯ ಹಲ್ಲುಚಕ್ರಕ್ಕೂ ಒಗ್ಗುತ್ತವೆ. ಚಕ್ರ, ಬ್ರೇಕ್, ಚೈನು, ಕೇಬಲ್ಲುಗಳಿಗೆ ತೆತ್ತ ಹಣ ಸೈಕಲ್ಲಿನ ಬೆಲೆಯನ್ನು ಎಂದೋ ಮೀರಿದೆ. ಹಳೆಯದನ್ನು ಕೊಂಡರೆ ದುಡ್ಡು ಉಳಿಯುತ್ತದೆಂದು ಹೇಳುವವರು ಬಹುಶಃ ಚಕ್ರ ಬದಲಿಸಿರಲಿಕ್ಕಿಲ್ಲ.