ಮೂವತ್ತು ದಾಟಿದ ಮೇಲೆ ಹೆವಿವೇಟ್: ನನ್ನ ಅನುಭವ

ಬಾಕ್ಸಿಂಗ್‌ನಲ್ಲಿ ತೂಕದ ವಿಭಾಗ ಏರಿ ಹೆವಿವೇಟ್‌ನ ದೊಡ್ಡವರ ಜೊತೆ ರಿಂಗಿಗೆ ಇಳಿಯುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಮಾತು. "ಅವರ ಏಟು ತಡ್ಕೊಳ್ಳೋಕಾಗುತ್ತಾ?" ಏಟಿನ ಚಿಂತೆ ನನಗೆ ಅಷ್ಟಿರಲಿಲ್ಲ. ಅಷ್ಟು ವರ್ಷ ಬಾಕ್ಸಿಂಗ್ ಮಾಡಿದವನು ಏಟು ತಪ್ಪಿಸಿಕೊಳ್ಳೋದನ್ನು ಕಲಿತೇ ಇರುತ್ತಾನೆ, ಅಲ್ವಾ? ಜೀವ ಹಿಂಡೋದು ಅವರ ಭಾರ. ಹೆವಿವೇಟ್ ಬಾಕ್ಸರ್ ಹೊಡೆಯೋದಕ್ಕಿಂತ ಜಾಸ್ತಿ ಒರಗುತ್ತಾನೆ. ಮೇಲಕ್ಕೆ ಹೋಗುವ ಯೋಚನೆ ಇರುವವರಿಗೆ ನಾನು ಹೇಳುವುದರಲ್ಲಿ ಅರ್ಧ ಇದೇ.

ನಾನು ಹೆವಿವೇಟ್‌ಗಿಂತ ಒಂದು ಹಂತ ಕೆಳಗಿನ, 81 ಕೆ.ಜಿ. ಮಿತಿಯ ಲೈಟ್ ಹೆವಿವೇಟ್‌ನಲ್ಲಿ ಆಡುತ್ತಿದ್ದವನು. ಮೈಸೂರಿನವನು, ರಾಜ್ಯ ಮಟ್ಟದ ಬಾಕ್ಸರ್, ಅದಕ್ಕಿಂತ ಮೇಲೆ ಹೇಳಿಕೊಳ್ಳುವಂಥದ್ದೇನಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಎರಡು ಮೂರು ಕೆ.ಜಿ. ಇಳಿಸೋದು ಲೆಕ್ಕಕ್ಕೇ ಇರಲಿಲ್ಲ. ಊಟ ಬಿಟ್ಟು, ನೀರು ಬಿಟ್ಟು, ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಓಡುತ್ತಿದ್ದೆವು. ಈಗಿನ ಹುಡುಗರಿಗೆ ಹಾಗೆ ಮಾಡಿ ಅಂತ ನಾನು ಖಂಡಿತ ಹೇಳಲ್ಲ. ನೀರು ಬತ್ತಿಸಿ ತೂಕ ಇಳಿಸೋಕೆ ಹೋಗಿ ಪ್ರಾಣ ಕಳೆದುಕೊಂಡ ಆಟಗಾರರಿದ್ದಾರೆ. ಮೂವತ್ತು ದಾಟಿದ ಮೇಲಂತೂ ನನ್ನ ಮೈ 87ರಲ್ಲಿ ಕೂತುಬಿಟ್ಟಿತು, ಏನು ಮಾಡಿದರೂ ಅಲ್ಲಿಂದ ಕದಲಲಿಲ್ಲ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಆಮೇಲೆ ಒಂದು ರಾತ್ರಿ ಪೂರ್ತಿ ತಿಂದು ಕುಡಿದು ಸುಧಾರಿಸಿಕೊಳ್ಳಬಹುದು. ನಮ್ಮ ಅಮೆಚೂರ್ ಟೂರ್ನಿಗಳಲ್ಲಿ ಆ ಸೌಕರ್ಯ ಇಲ್ಲ. ಪಂದ್ಯದ ದಿನ ಬೆಳಿಗ್ಗೆಯೇ ತೂಕ ಕೊಡಬೇಕು. ಗೆದ್ದರೆ ಮುಂದಿನ ಪಂದ್ಯದ ಬೆಳಿಗ್ಗೆ ಮತ್ತೆ ಕೊಡಬೇಕು. ಹಾಗಾಗಿ ಮೊದಲ ಪಂದ್ಯದಲ್ಲಿ ಚೆನ್ನಾಗಿರುತ್ತಿದ್ದ ಕಾಲು ಸೆಮಿಫೈನಲ್ ಹೊತ್ತಿಗೆ ನನ್ನವೇ ಅನ್ನಿಸುತ್ತಿರಲಿಲ್ಲ. ಕೋಚ್ ಸರ್ ಒಂದು ದಿನ ನೇರವಾಗಿ ಹೇಳಿದರು: "ಮೇಲಕ್ಕೆ ಹೋಗು, ಇಲ್ಲಾಂದ್ರೆ ನಿಲ್ಸು." ಆಗ 81ರ ಮೇಲೆ ಇದ್ದದ್ದು ನೇರ 91, ಹೆವಿವೇಟ್. ನಡುವೆ ಏನೂ ಇಲ್ಲ.

ದಾರಿ ಹುಡುಕೋಕೆ, ಕೆಳಗಿನ ತೂಕದಿಂದ ಹೆವಿವೇಟ್‌ಗೆ ಏರಿದ ವೃತ್ತಿಪರ ಬಾಕ್ಸರ್‌ಗಳ ಹಳೆಯ ಪಂದ್ಯಗಳನ್ನು ನೋಡೋಕೆ ಶುರು ಮಾಡಿದೆ. ಮೈಕಲ್ ಸ್ಪಿಂಕ್ಸ್ 1985ರಲ್ಲಿ ಲ್ಯಾರಿ ಹೋಮ್ಸ್‌ನನ್ನು ಸೋಲಿಸಿದಾಗ ಅವನ ತೂಕ ಸುಮಾರು 200 ಪೌಂಡ್, ಹೋಮ್ಸ್ 221. ಹೋಲಿಫೀಲ್ಡ್ 1990ರಲ್ಲಿ 208 ಪೌಂಡ್ ತೂಗಿ 246 ಪೌಂಡಿನ ಬಸ್ಟರ್ ಡಗ್ಲಸ್‌ನನ್ನು ಮಲಗಿಸಿದ. ಮಿಡಲ್‌ವೇಟ್‌ನಿಂದ ಬಂದ ರಾಯ್ ಜೋನ್ಸ್ 2003ರಲ್ಲಿ 226 ಪೌಂಡಿನ ಜಾನ್ ರೂಯಿಜ್ ಎದುರು 193 ಪೌಂಡಿಗೆ ಗೆದ್ದ. 193 ಪೌಂಡ್ ಅಂದರೆ ಎಂಬತ್ತೇಳೂವರೆ ಕೆ.ಜಿ. ಹತ್ತಿರತ್ತಿರ ನನ್ನದೇ ತೂಕ! ನಾನು ಆಟ ಬಿಟ್ಟ ಮೇಲೆ, 2021ರಲ್ಲಿ, ಉಸಿಕ್ ಕೂಡ ಜೋಶುವಾಗಿಂತ ಎಂಟೊಂಬತ್ತು ಕೆ.ಜಿ. ಕಡಿಮೆ ಇದ್ದುಕೊಂಡೇ ಗೆದ್ದ. ಗೆದ್ದವರಲ್ಲಿ ಯಾರೂ ಎದುರಾಳಿಯ ತೂಕಕ್ಕೆ ಸರಿಗಟ್ಟೋಕೆ ಹೋಗಿಲ್ಲ. ತಮ್ಮ ಕಾಲು ಎಷ್ಟು ಹೊರುತ್ತೋ ಅಷ್ಟಕ್ಕೆ ನಿಂತಿದ್ದಾರೆ.

ಸೋತವರ ಪಂದ್ಯಗಳಿಂದ ಕಲಿತದ್ದು ಇನ್ನೂ ಜಾಸ್ತಿ. ಬಾಬ್ ಫಾಸ್ಟರ್ ಲೈಟ್ ಹೆವಿಯಲ್ಲಿ ಎಂಥ ಹೊಡೆತಗಾರ! ಅದೇ ಕೈಯನ್ನು ನಂಬಿ 1970ರಲ್ಲಿ ಜೋ ಫ್ರೇಜಿಯರ್ ಎದುರು ಹೋದ, ಎರಡನೇ ರೌಂಡಿನಲ್ಲೇ ಮುಗಿಯಿತು. ಕೆಳಗಿನ ತೂಕದಲ್ಲಿ ಜನರನ್ನು ಬೀಳಿಸುತ್ತಿದ್ದ ಪಂಚ್ ಮೇಲೆ ಹೋದಾಗ ಬರೀ ಪಾಯಿಂಟ್ ತಂದುಕೊಡುತ್ತೆ ಅಂದುಕೊಳ್ಳಿ, ಅಷ್ಟು ಸಾಕು. ಬಿಲ್ಲಿ ಕಾನ್ 1941ರಲ್ಲಿ ಜೋ ಲೂಯಿಸ್ ಎದುರು ಹನ್ನೆರಡು ರೌಂಡ್ ಮುಗಿದಾಗ ಮುಂದಿದ್ದ. ಹದಿಮೂರರಲ್ಲಿ ಮಲಗಿಸೋಕೆ ಹೋಗಿ ತಾನೇ ಮಲಗಿದ. ಆ ಪಂದ್ಯ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ತೂಕದ ವಿಷಯಕ್ಕೆ ಬರುತ್ತೇನೆ. ನನಗೆ ಹೊಸದಾಗಿ ತೂಕ ಏರಿಸಬೇಕಾಗಿರಲಿಲ್ಲ. ಇದ್ದ 87ರಲ್ಲಿ ಕೊಬ್ಬು ಇಳಿಸಿ ಮಾಂಸಖಂಡ ತುಂಬಬೇಕಿತ್ತು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಮೂವತ್ತರ ಮೇಲೆ ಇನ್ನೂ ನಿಧಾನ. ಒಂದು ಕೆ.ಜಿ. ಮೈತೂಕಕ್ಕೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನ್ ಅಂತ ಲೆಕ್ಕ ಇಟ್ಟುಕೊಂಡೆ. ಮೊಟ್ಟೆ, ಕೋಳಿ, ಹುರುಳಿ, ಮೊಸರು. ಪುಡಿ ಡಬ್ಬಗಳ ಸಹವಾಸಕ್ಕೆ ಹೋಗಲಿಲ್ಲ. ಅದರಲ್ಲಿ ಏನು ಬೆರೆಸಿರುತ್ತಾರೋ, ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದರೆ ಯಾರನ್ನು ಕೇಳೋದು? ನಮ್ಮಮ್ಮನಿಗಂತೂ ಹಬ್ಬ. "ಇನ್ನೊಂದು ಮುದ್ದೆ ಹಾಕ್ಲಾ?" ಅಂತ ಅಷ್ಟು ವರ್ಷ ಕೇಳಿ ಕೇಳಿ ಬೇಡ ಅನ್ನಿಸಿಕೊಂಡವರು, ಈಗ ಕೇಳದೆಯೇ ಹಾಕುತ್ತಿದ್ದರು.

ಓಟ ಕಡಿಮೆ ಮಾಡಿದೆ. ಮೊದಲು ಮೈಲಿಗಟ್ಟಲೆ ಓಡುತ್ತಿದ್ದೆ, ಅದು ತೂಕ ಕರಗಿಸೋಕೆ ಸರಿ. ಈಗ ಬೇಕಾಗಿದ್ದದ್ದು ಮೂರು ನಿಮಿಷದ ಮೂರು ರೌಂಡ್ ಭಾರ ಹೊತ್ತು ಆಡುವ ಕಾಲು. ಸ್ಕ್ವಾಟ್, ಡೆಡ್‌ಲಿಫ್ಟ್, ಕತ್ತಿಗೆ ಬೇರೆ ವ್ಯಾಯಾಮ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಒಂದಿಷ್ಟು ಮೆಟ್ಟಿಲು ಜೋರಾಗಿ ಹತ್ತೋದು, ನಿಂತು ಉಸಿರು ಹಿಡಿಯೋದು, ಮತ್ತೆ ಹತ್ತೋದು. ಇಳಿಯೋದು ಮಾತ್ರ ಸಿಟಿ ಬಸ್ಸಲ್ಲಿ. ಇಳಿಯುವಾಗ ಮಂಡಿ ಮೇಲೆ ಬೀಳುವ ಹೊಡೆತ ಈ ವಯಸ್ಸಿಗೆ ಸುಮ್ನೆ ದಂಡ. ಹುಡುಗರು ನಕ್ಕರು, ನಗಲಿ.

ಇಷ್ಟೆಲ್ಲ ಆದ ಮೇಲೆ ಮೊದಲ ಸಲ ನಿಜವಾದ ಹೆವಿವೇಟ್ ಜೊತೆ ಸ್ಪಾರಿಂಗ್, ಅಂದರೆ ಅಭ್ಯಾಸದ ಪಂದ್ಯ. ಹದಿನಾರು ಔನ್ಸ್ ಗ್ಲೌಸ್, ಹೆಡ್‌ಗಾರ್ಡ್. ಹುಡುಗ ಆರಡಿ ಮೇಲಿದ್ದ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಕೈ ನಿಧಾನ, ನನಗೆ ಎಲ್ಲ ಕಾಣುತ್ತಿತ್ತು. ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಹೊಡೆತ) ಹಾಕಿ ಒಳಗೆ ಹೋದೆ. ಅವನು ಹೊಡೆಯಲೇ ಇಲ್ಲ. ಎಡಗೈಯನ್ನು ನನ್ನ ಕತ್ತಿನ ಹಿಂದೆ ಹಾಕಿ, ಎದೆಯನ್ನು ನನ್ನ ಹೆಗಲಿಗೆ ಕೊಟ್ಟು, ಹಾಗೇ ನಿಂತುಬಿಟ್ಟ. ಅಕ್ಕಿ ಮೂಟೆ ಹೆಗಲಿಗೆ ಬಿದ್ದ ಹಾಗಾಯಿತು. ಎರಡೇ ಸೆಕೆಂಡ್ ಇರಬೇಕು. ಬಿಡಿಸಿಕೊಂಡು ಹೊರಗೆ ಬಂದಾಗ ತೊಡೆ ಉರಿಯುತ್ತಿತ್ತು. ಮತ್ತೆ ಒಳಗೆ ಹೋದೆ, ಮತ್ತೆ ಅದೇ. ಎರಡನೇ ರೌಂಡ್ ಮುಗಿಯೋ ಹೊತ್ತಿಗೆ ನನ್ನ ಕೈ ಏಳುತ್ತಿರಲಿಲ್ಲ. ಅವನು ಹೊಡೆದದ್ದೇ ನಾಲ್ಕೋ ಐದೋ.

ಹಿಡಿದುಕೊಳ್ಳೋದು ಬಾಕ್ಸಿಂಗ್‌ನಲ್ಲಿ ತಪ್ಪು, ರೆಫರಿ ಬೇಗ ಬಿಡಿಸುತ್ತಾರೆ, ವಾರ್ನಿಂಗ್ ಕೊಟ್ಟರೆ ಪಾಯಿಂಟ್ ಹೋಗುತ್ತೆ. ಎಲ್ಲ ನಿಜ. ಆದರೆ ರೆಫರಿ "ಬ್ರೇಕ್" ಅನ್ನೋದರೊಳಗೆ ಆಗುವ ಕೆಲಸ ಆಗಿರುತ್ತೆ.

ಇದಕ್ಕೆ ಮದ್ದು ನಮ್ಮ ಜಿಮ್‌ನಲ್ಲಿ ಸಿಗಲಿಲ್ಲ, ಗರಡಿಯಲ್ಲಿ ಸಿಕ್ಕಿತು. ಮೈಸೂರಿನಲ್ಲಿ ಗರಡಿ ಮನೆಗಳಿಗೇನೂ ಬರ ಇಲ್ಲ. ದಸರಾ ಕುಸ್ತಿಗೆ ತಯಾರಿ ಮಾಡುವ ಒಬ್ಬ ಗೆಳೆಯ ತನ್ನ ಉಸ್ತಾದರ ಹತ್ತಿರ ಕರೆದುಕೊಂಡು ಹೋದ. ಚಪ್ಪಲಿ ಹೊರಗೆ ಬಿಟ್ಟು, ಹನುಮಪ್ಪನಿಗೆ ಕೈ ಮುಗಿದು, ಮಟ್ಟಿಗೆ, ಅಂದರೆ ಕುಸ್ತಿ ಆಡುವ ಮಣ್ಣಿನ ಅಂಕಣಕ್ಕೆ, ಇಳಿದೆ. ಉಸ್ತಾದರು ನೂರು ಕೆ.ಜಿ. ಮೇಲಿದ್ದ ಒಬ್ಬ ಪೈಲ್ವಾನನನ್ನು ನನ್ನ ಮೇಲೆ ಒರಗೋಕೆ ಹೇಳಿದರು. ನಾನು ಬಾಕ್ಸರ್ ಬುದ್ಧಿಯಲ್ಲಿ ಎದೆಗೆ ಎದೆ ಕೊಟ್ಟು ಶಕ್ತಿಯೆಲ್ಲ ಹಾಕಿ ತಳ್ಳಿದೆ. ಅವರು ನಗುತ್ತಾ ಅಂದರು, "ತಳ್ಳಬೇಡಪ್ಪ, ಜಾಗ ಬಿಡು. ಅವನ ಭಾರ ಅವನೇ ಹೊತ್ಕೊಳ್ಳಲಿ."

ಆಮೇಲೆ ಕಾಲಿನಿಂದ ಶುರು ಮಾಡಿ ತೋರಿಸಿದರು. ಅವನ ಎದೆ ತಾಗುವ ಮೊದಲೇ ನನ್ನ ಸೊಂಟ ಅವನ ಸೊಂಟಕ್ಕಿಂತ ಕೆಳಗಿರಬೇಕು. ತಲೆ ಅವನ ಗದ್ದದ ಕೆಳಗೆ, ಒಂದು ಪಕ್ಕಕ್ಕೆ. ಕತ್ತಿನ ಮೇಲೆ ಕೈ ಬಂತೋ, ಆ ಮೊಣಕೈಯನ್ನು ಕೆಳಗಿನಿಂದ ಎತ್ತಿ, ಅರ್ಧ ಹೆಜ್ಜೆ ಹೊರಗೆ ಸರಿಯಬೇಕು. ಆಗ ಒರಗೋಕೆ ಬಂದವನಿಗೆ ಒರಗೋಕೆ ಏನೂ ಇರಲ್ಲ, ಮುಗ್ಗರಿಸುತ್ತಾನೆ. ಕುಸ್ತಿಯಲ್ಲಿ ಅಲ್ಲಿಂದ ಪಟ್ಟು ಶುರು. ನನಗೆ ಅಲ್ಲಿಂದ ಪಕ್ಕೆಗೆ ಒಂದು ಹುಕ್ (ಮೊಣಕೈ ಮಡಚಿ ಪಕ್ಕದಿಂದ ಬೀಸುವ ಹೊಡೆತ) ಶುರು. ಮೊಣಕೈ ಎತ್ತೋದು ಕೂಡ ಹಿಡಿದುಕೊಂಡ ಹಾಗೆ ಕಾಣಬಾರದು, ಕಂಡರೆ ವಾರ್ನಿಂಗ್ ನನಗೇ. ಆ ಒಂದು ಚಲನೆಯನ್ನು ಬೆಳಗಿನ ಹೊತ್ತು, ಮಣ್ಣಲ್ಲಿ, ಬೇಜಾರಾಗುವಷ್ಟು ಮಾಡಿದೆ. ದಂಡ ಬಸ್ಕಿ ಅಂತೂ ಇದ್ದೇ ಇತ್ತು. ಜಿಮ್‌ನ ಎಲ್ಲ ಕಬ್ಬಿಣಕ್ಕಿಂತ ನನ್ನ ಬೆನ್ನಿಗೆ ಆ ಬಸ್ಕಿಯೇ ಹೆಚ್ಚು ಮಾಡಿತು ಅಂತ ನನಗನ್ನಿಸುತ್ತೆ.

ದೊಡ್ಡವರ ಜೊತೆ ಸ್ಪಾರಿಂಗ್ ವಾರಕ್ಕೊಂದೇ ಸಲ, ಅದೂ ಕೋಚ್ ಸರ್ ನಿಂತಿದ್ದರೆ ಮಾತ್ರ. 2013ರಿಂದ ಪುರುಷರ ಎಲೈಟ್ (ಸೀನಿಯರ್) ಪಂದ್ಯಗಳಲ್ಲಿ ಹೆಡ್‌ಗಾರ್ಡ್ ಇಲ್ಲ, ಹಾಗಾಗಿ ತಲೆಗೆ ತಿನ್ನುವ ಏಟನ್ನು ಅಭ್ಯಾಸದಲ್ಲೇ ಖರ್ಚು ಮಾಡಬಾರದು. ತಲೆನೋವು ಬಂದ ವಾರ ಸ್ಪಾರಿಂಗ್ ಇಲ್ಲ. ಇದರಲ್ಲಿ ಮಾತ್ರ ಗಂಡಸುತನ ತೋರಿಸೋಕೆ ಹೋಗಬೇಡಿ.

ರಾಜ್ಯ ಚಾಂಪಿಯನ್‌ಷಿಪ್ ಬೆಳಿಗ್ಗೆ ಇಡ್ಲಿ ತಿಂದು ತೂಕ ಕೊಡೋಕೆ ಹೋದೆ. ಅದರ ಸುಖ 81ರಲ್ಲಿ ಆಡಿದವರಿಗೇ ಗೊತ್ತು. ಸಾಲಿನಲ್ಲಿ ನನ್ನ ಹಿಂದಿದ್ದವನು ಬಾಯಿ ಒಣಗಿಸಿಕೊಂಡು ನಿಂತಿದ್ದ, ದೊಡ್ಡ ಮೈ, ಹೇಗೋ 91ಕ್ಕೆ ಹಿಂಡಿಕೊಂಡು ಬಂದಿದ್ದಾನೆ. ಸಂಜೆ ಅವನೇ ಎದುರು. ಗ್ಲೌಸ್ ಏನೂ ಬದಲಾಗಲಿಲ್ಲ, 81ರಲ್ಲೂ ಹನ್ನೆರಡು ಔನ್ಸ್, 91ರಲ್ಲೂ ಹನ್ನೆರಡೇ. ಮೊದಲ ರೌಂಡ್ ಅವನ ಬಲಗೈಯಿಂದ ದೂರ ಸರಿಯುತ್ತಾ ಎದೆಗೆ ಜ್ಯಾಬ್ ಹಾಕಿದೆ. ತಲೆಗೆ ಕೈ ಹಾಕಲೇ ಇಲ್ಲ. ಎದೆಗೆ ಬಿದ್ದ ಜ್ಯಾಬ್ ನೋಯಿಸಲ್ಲ, ಆದರೆ ಮುಂದಕ್ಕೆ ಬರುವವನ ಹೆಜ್ಜೆ ಕೆಡಿಸುತ್ತೆ. ಎರಡನೇ ರೌಂಡಿನಲ್ಲಿ ಒರಗೋಕೆ ಬಂದ. ಮೊಣಕೈ ಎತ್ತಿ ಸರಿದೆ. ಅವನು ಹಗ್ಗದ ಮೇಲೆ ಬಿದ್ದ, ನಾನು ಪಕ್ಕೆಗೆ ಹೊಡೆದೆ. ಮೂರನೇ ರೌಂಡಿನಲ್ಲಿ ಅವನ ಬಾಯಿ ತೆರೆದೇ ಇತ್ತು. ಐವರು ಜಡ್ಜ್‌ಗಳಲ್ಲಿ ಹೆಚ್ಚಿನವರು ನನಗೆ ಕೊಟ್ಟರು. ಫೈನಲ್‌ನಲ್ಲಿ ಸೋತೆ. ಆ ಹುಡುಗ ದೊಡ್ಡವನೂ ಹೌದು, ವೇಗವೂ ಇತ್ತು. ಎರಡೂ ಇರುವವನಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ವರ್ಷ ಮತ್ತೆ 81ಕ್ಕೆ ಬಾ, ಅಲ್ಲಿ ಪದಕ ಗ್ಯಾರಂಟಿ ಅಂತ ಕೆಲವರು ಕರೆದರು. ನನಗೆ ನೆನಪಾದದ್ದು ರಾಯ್ ಜೋನ್ಸ್. ರೂಯಿಜ್‌ನನ್ನು ಸೋಲಿಸಿದ ವರ್ಷವೇ 175 ಪೌಂಡಿನ ಲೈಟ್ ಹೆವಿವೇಟ್‌ಗೆ ಇಳಿದು ಟಾರ್ವರ್ ಜೊತೆ ಆಡಿದ. ಕಷ್ಟಪಟ್ಟು ಗೆದ್ದ, ಮೈಯೆಲ್ಲ ಬತ್ತಿಹೋಗಿತ್ತು. 2004ರಲ್ಲಿ ಅದೇ ಟಾರ್ವರ್ ಎರಡನೇ ರೌಂಡಿನಲ್ಲಿ ಮಲಗಿಸಿದ. ಇಳಿಯಲ್ಲ ಅಂತ ಹೇಳಿಬಿಟ್ಟೆ, ಉಳಿದಷ್ಟು ದಿನ 91ರಲ್ಲೇ ಆಡಿ ಮುಗಿಸಿದೆ.

2021ರಲ್ಲಿ ತೂಕದ ವಿಭಾಗಗಳನ್ನು ಬದಲಾಯಿಸಿ 80, 86, 92 ಅಂತ ಮಾಡಿದರು. ನನ್ನಂಥ 87ರ ಮೈಗೆ ಆ 86 ಹೇಳಿ ಮಾಡಿಸಿದ್ದು, ನಾನು ಬಿಟ್ಟ ಮೇಲೆ ಬಂತು. ಜಿಮ್‌ಗೆ ಬರುವ ಹುಡುಗರು ಮೇಲಕ್ಕೆ ಹೋಗಲಾ ಅಂತ ಕೇಳಿದರೆ ಮೊದಲು ನಡುವಿನ ವಿಭಾಗದಲ್ಲಿ ಒಂದು ವರ್ಷ ಆಡಿ ಬಾ ಅನ್ನುತ್ತೇನೆ. ಆಮೇಲೂ ಹಟ ಇದ್ದರೆ ಉಸ್ತಾದರ ಗರಡಿಯ ವಿಳಾಸ ಕೊಡುತ್ತೇನೆ.