ತೋಟದ ನಾಯಿಯ ಆರೋಗ್ಯವನ್ನು ಮನೆಯಲ್ಲೇ ಗಮನಿಸುವ ಬಗೆ

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಅಡ್ಡಾಡುವ ನಾಯಿಗಳನ್ನು ಸಾಕಿರುವವರು ವಾರಕ್ಕೊಮ್ಮೆಯಾದರೂ ಅವುಗಳ ವಸಡು, ಮೈ ಮತ್ತು ಉಸಿರಾಟವನ್ನು ನೋಡಿಕೊಳ್ಳುವುದು ಒಳ್ಳೆಯದು.

ಮೇಲ್ದುಟಿಯನ್ನು ಎತ್ತಿ ನೋಡಿದಾಗ ವಸಡು ತೇವವಾಗಿ, ನಸುಗೆಂಪಾಗಿ ಕಾಣಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಸುಮಾರು 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ನಮ್ಮ ನಾಟಿ ನಾಯಿಗಳಲ್ಲಿ ಕೆಲವಕ್ಕೆ ವಸಡು ಹುಟ್ಟಿನಿಂದಲೇ ಕಪ್ಪಾಗಿರುವುದರಿಂದ, ಅಂಥವುಗಳ ಕೆಳರೆಪ್ಪೆಯ ಒಳಭಾಗವನ್ನು ನೋಡಬಹುದು. ವಸಡು ಬಿಳಿಚಿಕೊಂಡು, ನಾಯಿ ಮಂಕಾಗಿ, ಮೂತ್ರವೂ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳುವಿನಿಂದ ಹರಡುವ ಬೆಬೀಸಿಯಾ ರೋಗವಿರುವ ಸಾಧ್ಯತೆಯುಂಟು. ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.

ಉಣ್ಣೆಗಳು ಹೆಚ್ಚಾಗಿ ಕಿವಿಯ ಮಡಿಕೆ, ಕಾಲ್ಬೆರಳ ಸಂದು ಮತ್ತು ಬಾಲದ ಬುಡದಲ್ಲಿ ಅಡಗಿರುತ್ತವೆ. ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಬೇಕೇ ಹೊರತು, ಸೀಮೆಎಣ್ಣೆ ಸುರಿಯುವ ಹಳೆಯ ರೂಢಿ ಬೇಡ. ಇಂಬಳದ ಕಡಿತಕ್ಕೆ ಅಷ್ಟು ಗಾಬರಿಯಾಗಬೇಕಿಲ್ಲ, ಆದರೆ ಮೂಗಿನಿಂದ ರಕ್ತ ಬರುತ್ತಿದ್ದರೆ ಅಲಕ್ಷಿಸಬಾರದು.

ಮೂಗು ಒಣಗಿದ ಮಾತ್ರಕ್ಕೆ ಜ್ವರವೆನ್ನಲಾಗದು. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ಅಳೆದಾಗ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಸಹಜ. ಉಸಿರನ್ನು ನಿದ್ದೆಯಲ್ಲಿರುವಾಗ ಎಣಿಸಬೇಕು. ನಿಮಿಷಕ್ಕೆ 30ಕ್ಕಿಂತ ಹೆಚ್ಚಾಗಿಯೇ ಉಳಿದರೆ ವೈದ್ಯರನ್ನು ಕಾಣಬೇಕು. ಜ್ವರವಿದೆಯೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳನ್ನು ನಾವೇ ಕೊಡಬಾರದು, ಅವು ನಾಯಿಗೆ ವಿಷವಾಗಬಲ್ಲವು.